ಗಂಡನ ಕೈಗೆಂದು ಹುಡುಕಿದ ಪೆನ್ ಡಿಸ್‌ಪ್ಲೇ

ಒಂಟಿಕೊಪ್ಪಲಿನಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಫೋಟೋ ತೆಗೆಯುವವಳು ನಾನು, ತಿದ್ದುವವರು ನನ್ನ ಗಂಡ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಕಲೆ ಮುಚ್ಚುತ್ತಿದ್ದ ಕಾಲದಿಂದ ಅವರದು ಅದೇ ಕೆಲಸ. ಕಂಪ್ಯೂಟರ್ ಬಂದಾಗ ಗೊಣಗಿಕೊಂಡೇ ಮೌಸ್ ಹಿಡಿದರು, ಆಮೇಲೆ ಅದರಲ್ಲೂ ಪಳಗಿದರು. ಗೆದ್ದಲು ತಿಂದ ಹಳೇ ಫೋಟೋಗಳನ್ನು ಕುಂಬಾರಕೊಪ್ಪಲಿನಿಂದೆಲ್ಲ ಜನ ಅವರನ್ನೇ ಹುಡುಕಿಕೊಂಡು ತರುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆಯೂ ಮರಳಿತು. ಬಲಗೈ ನಡುಕ ಮಾತ್ರ ಉಳಿದುಬಿಟ್ಟಿತು. ಮೌಸ್ ಮುಟ್ಟಿದರೆ ಬಾಣದ ಗುರುತು ಪರದೆಯ ತುಂಬ ಓಡುತ್ತಿತ್ತು. ಪೆನ್ನಿನಂಥದ್ದಾದರೆ ಹಳೇ ಅಭ್ಯಾಸ ಕೈಹಿಡಿಯಬಹುದೆಂದು ನಾನೇ ಹಟ ಮಾಡಿ ಅವರನ್ನು ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವರು ಮೊದಲು ತೋರಿಸಿದ್ದು ಪರದೆಯಿಲ್ಲದ ಟ್ಯಾಬ್ಲೆಟ್. ಕಪ್ಪು ಹಲಗೆಯ ಮೇಲೆ ಪೆನ್ ಆಡಿಸಿದರೆ ಗೆರೆ ಎದುರಿನ ಮಾನಿಟರಿನಲ್ಲಿ ಮೂಡುತ್ತಿತ್ತು.

"ಕೈ ಇಲ್ಲಿ, ಕಣ್ಣು ಅಲ್ಲಿ. ನಂಗೆ ಆಗಲ್ಲ ಕಣ್ರೀ" ಎಂದರು ಇವರು.

ಆಮೇಲೆ ಪೆನ್ ಡಿಸ್‌ಪ್ಲೇ ಇಟ್ಟರು. ಅದರಲ್ಲಿ ಚಿತ್ರದ ಮೇಲೇ ಬರೆಯಬಹುದು. ಇವರ ಮುಖ ಅರಳಿತು. ಚಿಕ್ಕದು ಬೇಡ, ಅಂಗೈ ಊರಲು ಜಾಗ ಬೇಕು ಎಂದು ದೊಡ್ಡದನ್ನೇ ಕೇಳಿದರು. ಗಾಜು ನುಣುಪಾಗಿ ಜಾರುತ್ತದೆಯೇ ಎಂದು ಬೆರಳಿನಿಂದ ಸವರಿ ನೋಡಿದರು. ನಾನು ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಒಬ್ಬ ಅಜ್ಜಿಯ ಫೋಟೋ ತೆರೆಸಿದೆ. ಕೆನ್ನೆಯ ಮೇಲೆ ಹರಿದ ಗೆರೆಯಿತ್ತು.

ಇವರು ಎಡಗೈಯಲ್ಲಿ ಬಲ ಮಣಿಕಟ್ಟನ್ನು ಹಿಡಿದುಕೊಂಡು ಬಗ್ಗಿದರು. ಅರ್ಧ ಗೆರೆ ಮಾಯವಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಪೆನ್ ಹಾರಿ ಅಜ್ಜಿಯ ಹುಬ್ಬು ಅಳಿಸಿಹೋಯಿತು.

"ನಡುಕ ತಡೆಯೋ ಸೆಟ್ಟಿಂಗ್ ಇದೆ ಸಾರ್, ಜಾಸ್ತಿ ಮಾಡ್ತೀನಿ" ಎಂದರು ಅಂಗಡಿಯವರು. ಮಾಡಿದರು. ಈ ಸಲ ಅಜ್ಜಿಯ ಕಣ್ಣೇ ಹೋಯಿತು.

ಇವರು ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. "ಚೆನ್ನಾಗಿದೆ ಕಣೇ. ತಗೊಂಬುಡು."

"ನಿಮಗೆ ಒಗ್ಗುತ್ತೇನ್ರೀ?"

"ನಿಂಗೆ ಒಗ್ಗುತ್ತೆ."

ಅಂಗಡಿಯವರು ಡಬ್ಬ ತರುವ ನೆಪದಲ್ಲಿ ಒಳಗೆ ಹೋದರು. ಬೇಡ, ವಾಪಸು ಹೋಗೋಣ ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಇವರು ಆಗಲೇ, ಅದನ್ನು ನಿಲ್ಲಿಸುವ ಸ್ಟ್ಯಾಂಡ್ ಜೊತೆಗೇ ಬರುತ್ತದೆಯೇ ಎಂದು ಕೂಗಿ ವಿಚಾರಿಸುತ್ತಿದ್ದರು.

ಮೊದಮೊದಲು ಸ್ಟುಡಿಯೋದಲ್ಲಿ ನನ್ನ ಪಕ್ಕ ಕೂತು ಹೇಳಿಕೊಟ್ಟರು. "ಸುಕ್ಕೆಲ್ಲ ತೆಗೀಬೇಡ. ಮಕ್ಕಳಿಗೆ ಅವರಮ್ಮನ ಗುರುತು ಸಿಗ್ಬೇಕಲ್ವಾ?" ಎನ್ನುವರು. ನಾನು ತಪ್ಪಿದಾಗ ಅವರ ಕೈ ಪೆನ್ನಿನ ಕಡೆ ಬಂದು, ಅರ್ಧದಲ್ಲೇ ನಿಂತು, ತೊಡೆಯ ಮೇಲೆ ಹೋಗಿ ಕೂರುತ್ತಿತ್ತು. ನನ್ನ ಕೆಲಸ ಒಂದು ಹದಕ್ಕೆ ಬರುತ್ತಿದ್ದಂತೆ ಅವರು ಬರುವುದನ್ನೇ ಬಿಟ್ಟರು.

"ಸುಮ್ನೆ ಬಂದು ನೋಡ್ತಾ ಕೂತ್ಕೊಳ್ರೀ" ಎಂದು ಒಂದು ಬೆಳಗ್ಗೆ ಕರೆದೆ.

"ನೋಡ್ತಾ ಕೂತ್ರೆ ಕೈ ಸುಮ್ನಿರಲ್ಲ ಕಣೇ" ಎಂದರು. ಮತ್ತೆ ನಾನು ಕರೆಯಲಿಲ್ಲ.

ಈಗ ತಿದ್ದುವುದೂ ನನ್ನದೇ ಪಾಲು. ಸಂಜೆ ಮನೆಗೆ ಬಂದಾಗ, ಇವತ್ತು ಯಾರ ಫೋಟೋ ಬಂದಿತ್ತು ಎಂದು ಕೇಳುತ್ತಾರೆ. ಹೇಳುತ್ತೇನೆ. ಎಲ್ಲಿ ಹರಿದಿತ್ತು, ಹೇಗೆ ಕೂಡಿಸಿದೆ ಎಂದು ಅವರು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.