ಪುರಾನಾ ಪುಲ್ ತೊಳೆದ ದಿನ

ಸುಯ್ಯೆಂದು ಸದ್ದಾಯಿತು. ಪುಂಡಿಪಲ್ಯದ ಸೊಪ್ಪು ಆರಿಸುತ್ತಿದ್ದ ನನ್ನ ಕಾಲ ಬಳಿಯೇ ಬಿಳಿ ನೊರೆ ಉಕ್ಕಿತು, ಮೂಗಿಗೆ ಘಾಟು ಅಡರಿತು. ಹೈದರಾಬಾದಿನ ಪುರಾನಾ ಪುಲ್ ಮೇಲಿನ ಸಂತೆಯಲ್ಲಿ ನಾನು ವಾರವಾರ ಸೊಪ್ಪು ಕೊಳ್ಳುವುದು ರಾಯಚೂರು ಕಡೆಯ ಮಲ್ಲವ್ವನ ಹತ್ತಿರ. ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಆ ಹಳೇ ಸೇತುವೆಯ ಗೋಡೆಗೆ ಪಾಯಖಾನೆ ತೊಳೆಯುವ ಆ್ಯಸಿಡ್ ಸುರಿದು ಪೊರಕೆಯಿಂದ ತಿಕ್ಕುತ್ತಿದ್ದಳು!

"ಏನ್ ಮಾಡಾಕತ್ತೀ ಮಲ್ಲವ್ವಾ?" ಎಂದು ಚೀರಿದೆ.

"ಹಳೇ ಕಟ್ಟಡ ಕಾಯೋ ಸಾಹೇಬ್ರು ನಾಳೆ ಪುಲ್ ನೋಡಾಕ ಬರ್ತಾರ್ರಿ ಅಕ್ಕಾರ. ಹೊಲಸು ಕಂಡ್ರ ನಮ್ಮನ್ನ ಎಬ್ಬಸ್ತಾರ. ಅವರು ಬಂದಾಗೊಮ್ಮೆ ಹಿಂಗ ತೊಳಿತೀವ್ರಿ. ನೋಡ್ರಿ, ಎಷ್ಟು ಹೊಲಸು ಬಿಡಾಕತ್ತೈತಿ!"

ನೊರೆಯಾಗಿ ಹರಿಯುತ್ತಿದ್ದುದು ಹೊಲಸಲ್ಲ. ನಾನೂರು ವರ್ಷಗಳ ಹಿಂದಿನ ಕುತುಬ್ ಶಾಹಿ ಸುಲ್ತಾನರ ಕಾಲದಿಂದ ಆ ಕಲ್ಲುಗಳನ್ನು ಹಿಡಿದು ನಿಲ್ಲಿಸಿದ್ದ ಸುಣ್ಣದ ಗಾರೆ. ಮೂಸಿ ನದಿಯ ಎಷ್ಟೋ ಮಹಾಪೂರಗಳಿಗೆ ಜಗ್ಗದ ಗಾರೆ ಒಂದು ಬಾಟಲಿ ಆ್ಯಸಿಡ್‌ಗೆ ಕರಗುತ್ತಿತ್ತು. ಸೊಪ್ಪಿಗೆ ಚಿಮುಕಿಸಲು ಇಟ್ಟಿದ್ದ ನೀರಿನ ಬಕೆಟ್ಟನ್ನೇ ಎತ್ತಿ ಗೋಡೆಗೆ ಸುರಿದೆ. ನನಗೆ ಹುಚ್ಚು ಹಿಡಿದಿದೆಯೇನೋ ಎಂಬಂತೆ ಅವಳು ನೋಡಿದಳು. ಏದುಸಿರಿನಲ್ಲೇ ವಿಷಯ ಹೇಳಿದೆ. ಮಲ್ಲವ್ವನ ಕೈಯಿಂದ ಪೊರಕೆ ಜಾರಿತು.

"ಚಂದ ಕಾಣ್ಲಿ ಅಂತ ತೊಳದೀವಲ್ರೀ..." ಎಂದಳು.

ಹೊರಡುವ ಮುನ್ನ, ಮಲ್ಲವ್ವ ತೊಳೆದು ಹೊಳೆಯಿಸಿದ್ದ ಎರಡು ಕಲ್ಲುಗಳ ನಡುವಿನ ಸಂದಿಗೆ ಕಿರುಬೆರಳು ಇಟ್ಟು ನೋಡಿದೆ. ಬುಡದವರೆಗೂ ಒಳಗೆ ಹೋಯಿತು.