ಅಪ್ಪ ಆಫ್ ಆದ ದಿನ

ಆಗೆಲ್ಲ ಕಟ್ಟಡ ಎಲ್ಲಿ ಏಳುತ್ತಿತ್ತೋ ಅದೇ ನಮ್ಮ ಊರು. ವಿಜಯಪುರದ ಕಡೆಯಿಂದ ದುಡಿಯಲು ಬಂದು ನಾಸಿಕ್‌ನ ತಗಡಿನ ಶೆಡ್ಡಿನಲ್ಲಿದ್ದೆವು. ಹಸಿ ಸಿಮೆಂಟಿನ ವಾಸನೆ, ಮರಳುಗುಡ್ಡೆಯ ಮೇಲೆ ಜಾರಾಟ, ಸಂಜೆಯಾದರೆ ಸಾಲು ಶೆಡ್ಡುಗಳಲ್ಲಿ ರೊಟ್ಟಿ ಬಡಿಯುವ ಸದ್ದು. ಆ ಚಳಿಗಾಲ ಅಪ್ಪ ಮಾತ್ರ ಬಸ್ಸಿನ ದಾರಿಯ ಶೇಂದ್ರಾದಲ್ಲಿ ಏಳುತ್ತಿದ್ದ ಫ್ಯಾಕ್ಟರಿಯ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡಲು ಹೋಗಿದ್ದ. ಎತ್ತರದಲ್ಲಿ ಹಲಗೆಯ ಮೇಲೆ ನಿಂತು ಮಾಡುವ ಕೆಲಸ. ಅವ್ವನ ಜೀವ ಸದಾ ಆ ಹಲಗೆಯ ಮೇಲೇ ಇರುತ್ತಿತ್ತು.

ಅಪ್ಪನ ಬಳಿ ಫೋನಿರಲಿಲ್ಲ. ಒಂದು ಮಧ್ಯಾಹ್ನ ಅವ್ವ, ಹಿಂದಿ ಬಲ್ಲ ಪಕ್ಕದ ಶೆಡ್ಡಿನ ಸಾವಿತ್ರಿ ಕಾಕಿಯಿಂದ ಅಲ್ಲಿನ ವಾಚ್‌ಮನ್‌ಗೆ ಫೋನ್ ಹಚ್ಚಿಸಿದಳು. ಕೇಳುತ್ತಲೇ ಕಾಕಿಯ ಮುಖ ಬಿಳುಪೇರಿತು.

"ಏನಂದಾ?"

"'ವೋ ತೋ ಆಜ್ ಆಫ್ ಹೈ' ಅಂದ್ನವಾ... ಅಂವ ಇವತ್ತ ಆಫ್ ಅಂತ..."

ನಮ್ಮ ಕಡೆ 'ಆಫ್ ಆದ' ಎಂದರೆ ಸತ್ತ ಎಂದೇ ಅರ್ಥ. ಅವ್ವ ಕುಸಿದಳು. ಸಾಲು ಶೆಡ್ಡುಗಳ ಹೆಂಗಸರೆಲ್ಲ ಓಡಿ ಬಂದು ಅಳತೊಡಗಿದರು. ಮತ್ತೆ ಹಚ್ಚಿದರೆ ವಾಚ್‌ಮನ್‌ನ ಫೋನೂ ಸ್ವಿಚ್ ಆಫ್! ಅಲ್ಲೂ ಅದೇ ಹಾಳು ಮಾತು.

ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು, "ಅವ್ವಾ, ನಮ್ಮ ಸಾಲ್ಯಾಗ ಟೀಚರ್ ಬರದಿದ್ರ ಆಫ್ ತಾಸ್ ಅಂತಾರ. ಆಟ ಆಡಾಕ ಬಿಡ್ತಾರ" ಎಂದೆ.

"ಸುಮ್ಕಿರ ಹುಚ್ಚಿ!" ಕಾಕಿ ಗದರಿದಳು. ಅಷ್ಟು ಹೆಂಗಸರು ಅಳುತ್ತಿರುವಾಗ ನನ್ನ ಶಾಲೆಯ ಮೇಲೆ ನನಗೇ ನಂಬಿಕೆ ಉಳಿಯಲಿಲ್ಲ. ನಾನೂ ಅತ್ತೆ.

ದೀಪ ಹಚ್ಚುವ ಹೊತ್ತಿಗೆ ಗೇಟಿನಲ್ಲಿ ಅಪ್ಪ! ಕೈಯಲ್ಲಿ ಪೇರಲ ಹಣ್ಣಿನ ಚೀಲ. ಗುಂಪು ನೋಡಿ ಗಾಬರಿಯಾಗಿ, "ಯಾರ್ ಹೋದ್ರವಾ?" ಎಂದ.

"ನೀವಽ!" ಎಂದಳು ಕಾಕಿ.

"ಇವತ್ತ ನಂದು ವೀಕ್ಲಿ ಆಫ್. ಮಗಳ ಮಾರಿ ನೋಡಿ ಹೋಗೂಣು ಅಂತ ಬಂದ್ನಿ."

ಅವ್ವ ಎದ್ದು ಅವನ ಕೈ, ತೋಳು, ತಲೆ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸಿಟ್ಟು ಬಂತು. "ಸೂಟಿ ಅನ್ನಾಕ ಬಾಯಿ ಬಿದ್ದೋಗಿತ್ತೇನ್ರಿ ಆ ವಾಚ್‌ಮನ್‌ಗ?" ಅಳುತ್ತಿದ್ದವರೆಲ್ಲ ನಕ್ಕರು. ಹೋದ ಜೀವ ಬಂದಂತಾಯಿತು. ಅಂದು ತಿಂದಷ್ಟು ಸಿಹಿ ಪೇರಲ ಮತ್ತೆ ತಿಂದಿಲ್ಲ.

'ಆಫ್' ಎಂಬ ಆ ಮಾತಿಗೆ ಅವ್ವ ನಮ್ಮ ಮನೆಯಲ್ಲಿ ಬಹಿಷ್ಕಾರ ಹಾಕಿದಳು. ಇಂದಿಗೂ ನಮ್ಮಲ್ಲಿ ಲೈಟು 'ಬಂದ್' ಆಗುತ್ತದೆ, ರಜೆ 'ಸೂಟಿ' ಆಗುತ್ತದೆ.

ಈಗ ಅಪ್ಪನ ಜೇಬಿನಲ್ಲೂ ಫೋನಿದೆ. ಬಸ್ಸು ಹತ್ತಿದ್ದು, ಇಳಿದದ್ದು ಎಲ್ಲ ಮೊದಲೇ ತಿಳಿಯುತ್ತದೆ. ಒಳ್ಳೆಯದೇ ಆಯಿತು, ಅಂಥ ಮಧ್ಯಾಹ್ನ ಅವ್ವನಿಗೆ ಮತ್ತೆ ಬೇಡ. ಆದರೆ ಈಗ ಅಪ್ಪ ಬಂದರೆ "ಬಂದ್ರ್ಯಾ?" ಎಂದಷ್ಟೇ ಕೇಳಿ ಅವ್ವ ಒಳಗೆ ಹೋಗುತ್ತಾಳೆ. ಕೈ, ತೋಳು, ತಲೆ ಮುಟ್ಟಿ ನೋಡುವುದಿಲ್ಲ.