ತಿರುಗಿ ನೋಡದ ಗಂಡ

ಚಿಕ್ಕೋಡಿಯ ಕಾಲೇಜಿನ ವೇದಿಕೆಯ ಮೇಲೆ ನನ್ನ ಮೊಮ್ಮಗಳು ಸವಿತಾ ಮೈಕ್ ಹಿಡಿದಿದ್ದಳು. ಹಳೆಯ ಗ್ರೀಕ್ ಕಥೆಯೊಂದನ್ನೂ ಅದರ ಮೇಲೆ ತಾನೇ ಬರೆದ ಕವಿತೆಯನ್ನೂ ಹೋಲಿಸಿ ಮಾತಾಡುವ ಸ್ಪರ್ಧೆ. ಕಥೆಯಲ್ಲಿ, ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವ ಗಂಡ ದಾರಿಯಲ್ಲಿ ಹಿಂದೆ ತಿರುಗಿ ನೋಡಬಾರದು. ಅವನು ನೋಡಿಬಿಡುತ್ತಾನೆ, ಆಕೆ ಮಾಯವಾಗುತ್ತಾಳೆ. ಕವಿತೆಯಲ್ಲಿ ಹೆಂಡತಿಯೇ ಮುಂದೆ ನಡೆಯುತ್ತಾಳೆ.

“ಆ ಕಥಿ ಕೇಳಿ ನಮ್ಮ ಆಯಿ ಏನಂದ್ಳು ಗೊತ್ತೇನ್ರಿ?” ಎಂದಳು ಸವಿತಾ. ಆಯಿ ಅಂದರೆ ನಾನೇ, ಅವಳ ಅಜ್ಜಿ. “‘ನಿಮ್ಮಜ್ಜ ಆಗಿದ್ರ ಆಕಿ ಉಳೀತಿದ್ಳು ಬಿಡ. ಲಗ್ನಾಗಿ ನಲವತ್ತು ವರ್ಷಾತು, ಮುಂದ ಹೊಂಟಾಂವ ಒಮ್ಮಿನೂ ಹೊಳ್ಳಿ ನೋಡಿಲ್ಲ!’”

ಸಭೆ ಬಿದ್ದುಬಿದ್ದು ನಕ್ಕಿತು. ಪಕ್ಕದಲ್ಲಿದ್ದ ಯಜಮಾನರು ಟೋಪಿಯನ್ನು ಹಣೆಗೆಳೆದುಕೊಂಡರು. ಇನ್ನು ಇವರು ನನ್ನೊಡನೆ ಮಾತು ಬಿಟ್ಟರೆಂದೇ ಹೆದರಿದೆ. ಅಷ್ಟರಲ್ಲಿ ಮೊಮ್ಮಗಳಿಗೆ ಮೊದಲ ಬಹುಮಾನ! ಮೂರನೇ ಇಯತ್ತೆ ಕಲಿತ ನನ್ನ ಮಾತಿಗೆ ಅಷ್ಟು ಚಪ್ಪಾಳೆ!

ನಮ್ಮೂರು ಕರೋಶಿಯಲ್ಲಿ ಬಸ್ಸಿಳಿದು ಯಜಮಾನರು ಎಂದಿನಂತೆ ಮುಂದೆ ನಡೆದರು. ಹುಣಸೆಮರದ ಹತ್ತಿರ ನಿಂತು, ತಿರುಗಿ ನೋಡಿ ಕೂಗಿದರು: “ಏ, ಬರಾಕತ್ತೀಯೋ, ಮಾಯ ಆದ್ಯೋ?”

ಮಂಡಿನೋವು ಮರೆತು ಓಡಿಹೋಗಿ ಅವರ ಪಕ್ಕ ಸೇರಿದೆ. ಈಗ ದಿನಾ ತಿರುಗಿ ನೋಡುತ್ತಾರೆ. ನಾನೂ ಬೇಕೆಂತಲೇ ನಿಧಾನ ನಡೆಯುತ್ತೇನೆ.